200 ಎಂಬಿ ಪ್ಲಾನ್, ಸ್ಕ್ರೀನಿನಲ್ಲಿ 11.2. ಎಂಟರಿಂದ ಭಾಗಿಸಿದರೂ ಲೆಕ್ಕ ಕೂಡುತ್ತಿಲ್ಲ

ಮದುವೆಮನೆ ಕ್ಯಾಮರಾ, ಸಾಗರ

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಉಪನಯನ, ಸೀಮಂತ, ಗೃಹಪ್ರವೇಶ, ಯಾರು ಕರೆದರೂ ಹೋಗುತ್ತೇನೆ. ಫೋಟೋ ಕೆಲಸ ನಾನೇ ನೋಡಿಕೊಳ್ಳುತ್ತೇನೆ. ವಿಡಿಯೋ ಎಡಿಟಿಂಗ್ ಮಾತ್ರ ಬೆಂಗಳೂರಿನ ಒಬ್ಬ ಹುಡುಗನಿಗೆ ಕೊಡುತ್ತೇನೆ.

ಇಷ್ಟು ವರ್ಷ ಹಾರ್ಡ್ ಡಿಸ್ಕನ್ನು ಹಳೇ ಟವೆಲಿನಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಕ್ಕೆ ಹಾಕಿ, ರಾತ್ರಿ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೆ. ರಾತ್ರಿ 9ಕ್ಕೆ ಇಲ್ಲಿ ಹತ್ತಿಸಿದರೆ ಬೆಳಿಗ್ಗೆ 5ಕ್ಕೆ ಅವನು ಮೆಜೆಸ್ಟಿಕ್‌ನಲ್ಲಿ ಇಸ್ಕೊಳ್ಳುತ್ತಿದ್ದ. ಒಂದು ಸಲ ಅವನಿಗೆ ಎಚ್ಚರವಾಗಲಿಲ್ಲ. ಡಬ್ಬ ಅದೇ ಬಸ್ಸಿನಲ್ಲಿ ಮರುದಿನ ವಾಪಸ್ ಸಾಗರಕ್ಕೆ ಬಂತು. ಮದುಮಗಳ ಅಪ್ಪನಿಗೆ ನಾನು ಏನು ಹೇಳಿ ತಪ್ಪಿಸಿಕೊಂಡೆ ಅನ್ನೋದು ಇಲ್ಲಿ ಬೇಡ.

ಅದಾದ ಮೇಲೆ, ಇನ್ನು ಇಂಟರ್‌ನೆಟ್ಟಿನಲ್ಲೇ ಕಳಿಸಿಬಿಡೋಣ ಅಂತ ತೀರ್ಮಾನ ಮಾಡಿದೆ. ಮನೆಯಲ್ಲಿ 50 ಎಂಬಿ ಫೈಬರ್ ಇತ್ತು. ಹೋದ ತಿಂಗಳು ಅದನ್ನು 200ಕ್ಕೆ ಏರಿಸಿದೆ. ಅಪ್‌ಲೋಡ್ 200, ಡೌನ್‌ಲೋಡ್ 200, ಎರಡೂ ಸಮ ಅಂತ ಹೇಳಿಯೇ ಕೊಟ್ಟರು.

ಮೊನ್ನೆ ಒಂದು ಮದುವೆ. 64 ಜಿಬಿಯ ಎರಡು ಕಾರ್ಡ್ ಹೆಚ್ಚುಕಡಿಮೆ ತುಂಬಿತ್ತು. ಕಂಪ್ಯೂಟರಿಗೆ ಹಾಕಿ ನೋಡಿದರೆ ಒಟ್ಟು 118 ಜಿಬಿ. ನಾನು ಬಾಯಲ್ಲೇ ಲೆಕ್ಕ ಹಾಕಿದೆ. ಸೆಕೆಂಡಿಗೆ 200 ಎಂಬಿ. ಐದು ಸೆಕೆಂಡಿಗೆ ಒಂದು ಜಿಬಿ. 118 ಜಿಬಿಗೆ 590 ಸೆಕೆಂಡು. ಅಂದರೆ 10 ನಿಮಿಷ! ಎಡಿಟರ್ ಹುಡುಗನಿಗೆ ಫೋನ್ ಮಾಡಿ, "ಒಂದು ಟೀ ಕುಡಿದು ಬಾ, ಅಷ್ಟರಲ್ಲಿ ಬಂದಿರತ್ತೆ" ಅಂದೆ.

ಅವನು ಟೀ ಕುಡಿದ. ಸ್ನಾನ ಮಾಡಿದ. ಊಟ ಮಾಡಿದ. ಮೂರು ಗಂಟೆ ಆದ ಮೇಲೆ ಫೈಲು ಪೂರ್ತಿ ಹೋಯಿತು. ಅಲ್ಲಿಯವರೆಗೂ ಸ್ಕ್ರೀನಿನಲ್ಲಿ 11.2 ಅಂತಲೇ ತೋರಿಸುತ್ತಿತ್ತು. ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಕೆಟ್ಟ ಲೈನ್ ಆದರೆ ಏರಿಳಿತ ಇರಬೇಕಲ್ವಾ? ಇದು ಗೂಟಕ್ಕೆ ಕಟ್ಟಿದ ಹಸುವಿನ ಹಾಗೆ 11.2 ಬಿಟ್ಟು ಅಲ್ಲಾಡಲಿಲ್ಲ.

ಕೇಬಲ್ ಆಪರೇಟರ್ ಕಡೆಯ ಹುಡುಗನಿಗೆ ಫೋನ್ ಮಾಡಿ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಅವನು ಸಮಾಧಾನವಾಗಿ, "ಸಾರ್, ನಾವು ಕೊಡೋದು ಬಿಟ್ ಲೆಕ್ಕ. ನಿಮಗೆ ಕಾಣೋದು ಬೈಟ್ ಲೆಕ್ಕ. 8ರಿಂದ ಭಾಗಿಸಬೇಕು. ನಮ್ಮ ಲೈನ್ ಸರಿ ಇದೆ" ಅಂದು ಫೋನ್ ಇಟ್ಟ.

ಸರಿ, ಭಾಗಿಸಿದೆ. 200ನ್ನು 8ರಿಂದ ಭಾಗಿಸಿದರೆ 25 ಬರುತ್ತದೆ. 11.2 ಹೇಗೆ ಬಂತು? ಉಳಿದಿದ್ದು ಯಾರ ಮನೆಗೆ ಹೋಯಿತು? ಇನ್ನೊಂದು ವಿಷಯ. ಫೈಲ್ ಕಳಿಸೋ ಸಾಫ್ಟ್‌ವೇರಿನಲ್ಲಿ 11.2ರ ಮುಂದೆ ದೊಡ್ಡ ಎಂ, ದೊಡ್ಡ ಬಿ ಇದೆ. ಎರಡರ ನಡುವೆ ಒಂದು ಚಿಕ್ಕ ಐ ಕೂಡ ಇದೆ. ಅದೇನು ಮುದ್ರಣದೋಷವಾ? ಗೊತ್ತಿದ್ದವರು ಬಿಡಿಸಿ ಹೇಳಿ. ನಾನು ಪಿಯುಸಿಯಲ್ಲಿ ಗಣಿತ ಬಿಟ್ಟವನು ಅನ್ನೋದು ನೆನಪಿರಲಿ.

ಚಹಾ ವಿರಾಮ

8ರಿಂದ ಭಾಗಿಸಬೇಕು ಸರ್, ಹುಡುಗ ಹೇಳಿದ್ದು ಸರಿ. 25 ಬರಬೇಕು. ಆದರೆ ವೈಫೈನಲ್ಲಿ ಅರ್ಧ ಗಾಳಿಗೆ ಹೋಗುತ್ತದೆ. 11 ಬಂದರೆ ಪುಣ್ಯ ಅಂದುಕೊಳ್ಳಿ. ನನಗೆ ಅದೂ ಬರಲ್ಲ.

ಮದುವೆಮನೆ ಕ್ಯಾಮರಾ, ಸಾಗರ

ವೈಫೈ ಅಲ್ಲ ಅಣ್ಣಾ. ಸ್ಟುಡಿಯೋ ಕೆಳಗಿದೆ, ಮನೆ ಮೇಲಿದೆ. ಫೈಬರ್ ಬಾಕ್ಸ್ ಮೇಲಿನ ಮನೆಯಲ್ಲಿದೆ. ಅಲ್ಲಿಂದ ಗೋಡೆಯ ಮೇಲೆ ಪೈಪಿನಲ್ಲಿ ಕೇಬಲ್ ಎಳೆಸಿ ಕಂಪ್ಯೂಟರಿಗೆ ಕೊಟ್ಟಿದ್ದೇನೆ. ಮಳೆಗಾಲದಲ್ಲೂ ತೊಂದರೆ ಕೊಟ್ಟಿಲ್ಲ.

ಲೆಕ್ಕದ ಮೇಷ್ಟ್ರು, ಮೈಸೂರು

ನಿಮ್ಮ ಚಿಕ್ಕ ಐ ಮುದ್ರಣದೋಷ ಅಲ್ಲ. ಅದರಲ್ಲೇ ಸ್ವಲ್ಪ ಲೆಕ್ಕ ಅಡಗಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಬಿಟ್ಟು, ಬೈಟು.

ಬಿಟ್ ಅಂದರೆ ಒಂದು ಸೊನ್ನೆ ಅಥವಾ ಒಂದು ಒಂದು. ಜಾನ್ ಟ್ಯೂಕಿ ಅನ್ನುವ ಗಣಿತಜ್ಞರು ಕಟ್ಟಿದ ಪದ. ಕ್ಲಾಡ್ ಶಾನನ್ 1948ರ ತಮ್ಮ ಪ್ರಬಂಧದಲ್ಲಿ ಅದನ್ನು ಬಳಸಿದರು. ಬೈಟ್ ಅನ್ನುವ ಪದ 1956ರಲ್ಲಿ ಐಬಿಎಂನ ವರ್ನರ್ ಬುಕ್‌ಹೋಲ್ಟ್ಸ್ ಅವರಿಂದ ಬಂತು. ಇಂಗ್ಲಿಷಿನಲ್ಲಿ ಅದಕ್ಕೆ ಐ ಹಾಕದೆ ವೈ ಹಾಕಿ ಬರೆದರು. ಅವಸರದಲ್ಲಿ ಓದುವಾಗ ಅದು ಬಿಟ್ ಆಗಿಬಿಡಬಾರದು ಅಂತ. ಆದರೆ ಆಮೇಲಿನವರು ಎರಡನ್ನೂ ಬರೀ ಬಿ ಅಕ್ಷರಕ್ಕೆ ಇಳಿಸಿದರು. ಚಿಕ್ಕ ಬಿ ಬಿಟ್, ದೊಡ್ಡ ಬಿ ಬೈಟ್. ಅಷ್ಟು ಜೋಪಾನ ಮಾಡಿದ್ದೆಲ್ಲ ಹೊಳೆಗೆ ಹೋಯಿತು. ಕನ್ನಡದಲ್ಲಿ ಇನ್ನೂ ಕಷ್ಟ. ನಮಗೆ ಚಿಕ್ಕ ಅಕ್ಷರ ದೊಡ್ಡ ಅಕ್ಷರ ಅಂತಲೇ ಇಲ್ಲ. "ಎಂಬಿ" ಅಂತ ಬರೆದರೆ ಎರಡೂ ಒಂದೇ. ನೀವೂ "200 ಎಂಬಿ ಪ್ಲಾನ್" ಅಂದಿದ್ದೀರಿ, ಊರೆಲ್ಲ ಹಾಗೇ ಅನ್ನುತ್ತದೆ. ಅದಕ್ಕೇ ನಾನು ಮಕ್ಕಳಿಗೆ ಮೆಗಾಬಿಟ್, ಮೆಗಾಬೈಟ್ ಅಂತ ಪೂರ್ತಿ ಬರೆಸುತ್ತಿದ್ದೆ.

8 ಬಿಟ್ಟಿಗೆ ಒಂದು ಬೈಟ್. ಫೈಲಿನ ಗಾತ್ರವನ್ನು ಬೈಟಿನಲ್ಲಿ ಅಳೆಯುತ್ತೇವೆ. ಲೈನಿನ ವೇಗವನ್ನು ಬಿಟ್ಟಿನಲ್ಲಿ ಅಳೆಯುತ್ತೇವೆ, ಯಾಕೆಂದರೆ ತಂತಿಯಲ್ಲಿ ಬಿಟ್ಟುಗಳು ಸಾಲಾಗಿ ಒಂದರ ಹಿಂದೆ ಒಂದು ಹೋಗುತ್ತವೆ. ಹಳೇ ಮೋಡೆಮ್ ಕಾಲದಿಂದಲೂ ಹೀಗೇ. 56 ಕೆ ಮೋಡೆಮ್ ಅಂದರೆ ಸೆಕೆಂಡಿಗೆ 56 ಕಿಲೋಬಿಟ್, ಹೆಚ್ಚೆಂದರೆ 7 ಕಿಲೋಬೈಟ್. 5 ಎಂಬಿಯ ಒಂದು ಹಾಡು ಇಳಿಸೋಕೆ ಕಡಿಮೆ ಅಂದರೂ 12 ನಿಮಿಷ ಕಾಯಬೇಕಿತ್ತು. ನಡುವೆ ಯಾರಾದರೂ ಫೋನ್ ಎತ್ತಿದರೆ ಮತ್ತೆ ಮೊದಲಿಂದ. ಸರ್ಕಾರದ ಲೆಕ್ಕವೂ ಬಿಟ್ಟಿನಲ್ಲೇ. 2004ರಲ್ಲಿ 256 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 256 ಕಿಲೋಬಿಟ್, ಬಂದರೆ ಅದು ಬ್ರಾಡ್‌ಬ್ಯಾಂಡ್. 2013ರಲ್ಲಿ ಅದನ್ನು 512 ಮಾಡಿದರು, 2023ರಲ್ಲಿ 2 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 2 ಮೆಗಾಬಿಟ್. ಹಾಗಾಗಿ ಇದು ಕಂಪನಿಗಳು ಹೊಸದಾಗಿ ಹೂಡಿದ ಆಟ ಅಲ್ಲ. 25 ಅನ್ನುವ ಜಾಗದಲ್ಲಿ 200 ಅಂತ ಬೋರ್ಡ್ ಹಾಕೋದು ಅವರಿಗೆ ಅನುಕೂಲ ಅನ್ನೋದೂ ಸುಳ್ಳಲ್ಲ.

8ರಿಂದ ಭಾಗಿಸೋಕೆ ಕ್ಯಾಲ್ಕುಲೇಟರ್ ಬೇಡ. ಮೂರು ಸಲ ಅರ್ಧ ಮಾಡಿ. 200, 100, 50, 25. ತಿರುಗಿಸಿ ಬೈಟಿನಿಂದ ಬಿಟ್ಟಿಗೆ ಹೋಗಬೇಕಾದರೆ ಮೂರು ಸಲ ದುಪ್ಪಟ್ಟು ಮಾಡಿ.

ಈಗ ಚಿಕ್ಕ ಐ. ಕಂಪ್ಯೂಟರಿನ ಮೆಮೊರಿ ದುಪ್ಪಟ್ಟಾಗುತ್ತಾ ಬೆಳೆಯುತ್ತದೆ, 2, 4, 8, 16 ಹೀಗೆ. ಹತ್ತು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 1024. ಅದು ಸಾವಿರಕ್ಕೆ ಹತ್ತಿರ ಇದೆಯಲ್ಲ ಅಂತ ಅದನ್ನೂ ಕಿಲೋ ಅಂದುಬಿಟ್ಟರು. ನಮ್ಮ ಹಳೇ ಕೊಳಗದ ಕಥೆ ಗೊತ್ತಲ್ಲ, ಹೆಸರು ಒಂದೇ, ಈ ಸೀಮೆಯ ಕೊಳಗ ಆ ಸೀಮೆಯ ಕೊಳಗಕ್ಕೆ ಸಮ ಇರುತ್ತಿರಲಿಲ್ಲ. ಇದೂ ಹಾಗೇ ಆಯಿತು. ಕೊನೆಗೆ 1998ರಲ್ಲಿ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಕಮಿಷನ್‌ನವರು 1024ರ ಲೆಕ್ಕಕ್ಕೆ ಬೇರೆ ಹೆಸರು ಕೊಟ್ಟರು. ಕಿಬಿ, ಮೆಬಿ, ಗಿಬಿ. ಬರೆಯುವಾಗ ನಡುವೆ ಚಿಕ್ಕ ಐ. ಒಂದು ಮೆಗಾಬೈಟ್ ಅಂದರೆ 10,00,000 ಬೈಟ್. ಒಂದು ಮೆಬಿಬೈಟ್ ಅಂದರೆ 10,48,576 ಬೈಟ್. ನಿಮ್ಮ ಸಾಫ್ಟ್‌ವೇರ್ ಪ್ರಾಮಾಣಿಕವಾಗಿ ಐ ಹಾಕಿದೆ. ವಿಂಡೋಸ್ ಅಳೆಯೋದು 1024ರಲ್ಲಿ, ಬರೆಯೋದು ಮಾತ್ರ ಐ ಇಲ್ಲದೆ ಎಂಬಿ, ಜಿಬಿ ಅಂತ. ನಿಮ್ಮ 64 ಜಿಬಿ ಕಾರ್ಡು ಕಂಪ್ಯೂಟರಿನಲ್ಲಿ 59 ಚಿಲ್ಲರೆ ತೋರಿಸೋದು, 1 ಟಿಬಿ ಡಿಸ್ಕು 931 ಜಿಬಿ ತೋರಿಸೋದು ಇದಕ್ಕೇ. ಅಂಗಡಿಯವನು ಕದ್ದಿಲ್ಲ. ನೆಟ್‌ವರ್ಕಿನವರಿಗೆ ಈ ತಾಪತ್ರಯ ಇಲ್ಲ. ಅವರ ಕಿಲೋ ಯಾವಾಗಲೂ 1000, ಮೆಗಾ ಯಾವಾಗಲೂ ಹತ್ತು ಲಕ್ಷ.

ನಿಮ್ಮ ಸಂಖ್ಯೆಯನ್ನು ಹಿಂದಕ್ಕೆ ಲೆಕ್ಕ ಹಾಕಿದೆ. 11.2ನ್ನು 10,48,576ರಿಂದ ಗುಣಿಸಿದರೆ 1,17,44,051 ಬೈಟ್. ಅದರ ಎಂಟರಷ್ಟು 9,39,52,408 ಬಿಟ್. ಅಂದರೆ ಸುಮಾರು 94 ಎಂಬಿಪಿಎಸ್. 200 ಅಲ್ಲ, 100 ಕೂಡ ಅಲ್ಲ. 94 ಯಾಕೆ ಅನ್ನೋದು ಲೆಕ್ಕದ ಮೇಷ್ಟ್ರ ಕೈಮೀರಿದ ವಿಷಯ. ತಂತಿ ಕೆಲಸದವರು ಯಾರಾದರೂ ಹೇಳಲಿ.

ತಂತಿಗಾರ, ಹುಬ್ಬಳ್ಳಿ

ಮೇಷ್ಟ್ರೇ, ಪೂರ್ತಿ ಕೆಲಸ ನೀವೇ ಮಾಡಿ ಕೊನೆಯ ಮೆಟ್ಟಿಲಲ್ಲಿ ಕೂತುಬಿಟ್ರಿ. 94 ಅಂದರೆ ನನಗೆ ದಿನಾ ಕಾಣುವ ಮುಖ ಇದ್ದಂಗ.

ಸಾಗರದ ಸರ, ನಿಮ್ಮ ಆಪರೇಟರ್ 200 ಕೊಡ್ತಿರಬಹುದು. ನಿಮ್ಮ ಕಂಪ್ಯೂಟರ್ ಮತ್ತು ಬಾಕ್ಸ್ ನಡುವೆ ಎಲ್ಲೋ 100 ಎಂಬಿಪಿಎಸ್ಸಿನ ಗೇಟ್ ಬಿದ್ದಿದೆ. ಹೇಗೆ ಹೇಳ್ತೀನಿ ಅಂದರೆ, ಕೇಳ್ರಿ.

ಫೈಲು ಇಡಿಯಾಗಿ ತಂತಿಯಲ್ಲಿ ಹೋಗೋದಿಲ್ಲ. ತುಂಡು ಮಾಡಿ, ಒಂದೊಂದು ತುಂಡನ್ನು ಕವರಿನಲ್ಲಿ ಹಾಕಿ, ವಿಳಾಸ ಬರೆದು ಕಳಿಸಬೇಕು. ಒಂದು ಕವರಿನೊಳಗೆ 1500 ಬೈಟ್ ಹಿಡಿಯುತ್ತದೆ. ಅದರಲ್ಲಿ 40 ಬೈಟ್ ಒಳವಿಳಾಸಕ್ಕೆ ಹೋಯಿತು, ಸಾಮಾನ್ಯವಾಗಿ ಇನ್ನೊಂದು 12 ಬೈಟ್ ಸಮಯದ ಗುರುತಿಗೆ. ಉಳಿದಿದ್ದು 1448. ಕವರಿನ ಹೊರಗಿನ ವಿಳಾಸ, ಮುಂದಿನ ಸೂಚನೆ, ಹಿಂದಿನ ತಪಾಸಣೆ, ಎರಡು ಕವರಿನ ನಡುವೆ ಬಿಡಬೇಕಾದ ಜಾಗ, ಎಲ್ಲ ಸೇರಿ 38 ಬೈಟ್. ಅಂದರೆ ತಂತಿಯ ಮೇಲೆ 1538 ಬೈಟಿನಷ್ಟು ಜಾಗ ಹೋದಾಗ ನಿಮ್ಮ ಮದುವೆ ವಿಡಿಯೋ ಹೋಗೋದು 1448 ಬೈಟ್. ನೂರಕ್ಕೆ 94.15. ಹಾಗಾಗಿ 100 ಎಂಬಿಪಿಎಸ್ ತಂತಿಯಲ್ಲಿ ಯಾವತ್ತೂ 100 ಕಾಣೋದಿಲ್ಲ, 94 ಕಾಣುತ್ತದೆ. ಸಾವಿರದ ತಂತಿ ಇದ್ದರೆ 941. ಮೆಬಿಬೈಟಿನಲ್ಲಿ ಹೇಳಿದರೆ ಮೊದಲನೆಯದು 11.2, ಎರಡನೆಯದು 112. ಈ ನಾಲ್ಕು ಸಂಖ್ಯೆ ನಮ್ಮ ಕೆಲಸದಲ್ಲಿ ದೇವರ ನಾಮ ಇದ್ದಂಗ.

ಕೆಟ್ಟ ಲೈನಾದರೆ ಏರಿಳಿತ ಇರಬೇಕು ಅಂದ್ರಲ್ಲ, ಅದು ಸರಿಯಾದ ಅನುಮಾನ. ಅಲ್ಲಾಡದೆ ನಿಂತ ಸಂಖ್ಯೆ ಅಂದರೆ ಅಲ್ಲಿ ಗೋಡೆ ಇದೆ ಅಂತ ಅರ್ಥ.

ಈಗ ಎರಡು ಕೆಲಸ ಮಾಡ್ರಿ. ಮೊಬೈಲ್ ತಗೊಂಡು ಬಾಕ್ಸಿನ ಪಕ್ಕ ನಿಂತು, 5 ಗಿಗಾಹರ್ಟ್ಸ್ ವೈಫೈಗೆ ಹಾಕಿ, ಸ್ಪೀಡ್ ಟೆಸ್ಟ್ ಮಾಡಿ. ಆಮೇಲೆ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಈಥರ್ನೆಟ್ ಒಳಗೆ ಹೋಗಿ ಲಿಂಕ್ ಸ್ಪೀಡ್ ಅಂತ ಇರುವ ಸಾಲು ಓದಿ. 1000 ಇದೆಯೋ 100 ಇದೆಯೋ, ಅಷ್ಟೇ ಹೇಳ್ರಿ.

ಅಂದಹಾಗೆ ಟಾಸ್ಕ್ ಮ್ಯಾನೇಜರ್ ನೋಡಿ ಗಾಬರಿ ಆಗಬ್ಯಾಡ್ರಿ. ಅದೇ ಕಿಟಕಿಯಲ್ಲಿ ಡಿಸ್ಕನ್ನು ಬೈಟಿನಲ್ಲಿ ತೋರಿಸ್ತದೆ, ನೆಟ್‌ವರ್ಕನ್ನು ಬಿಟ್ಟಿನಲ್ಲಿ. ಬ್ರೌಸರ್ ಡೌನ್‌ಲೋಡ್ ಬೈಟಿನಲ್ಲಿ. ಸ್ಪೀಡ್ ಟೆಸ್ಟ್ ಬಿಟ್ಟಿನಲ್ಲಿ. ಒಂದೇ ಮನೆಯಲ್ಲಿ ಒಬ್ಬರು ಸೇರಿನಲ್ಲಿ, ಇನ್ನೊಬ್ಬರು ಪಾವಿನಲ್ಲಿ ಅಕ್ಕಿ ಅಳೆದಂಗ.

ಲಿಯೋನ್ ಪದ್ಮ

ಮೇಷ್ಟ್ರು ಚಿಕ್ಕ ಬಿ, ದೊಡ್ಡ ಬಿ ಅಂದಿದ್ದಕ್ಕೆ ಒಂದು ಮಾತು. ನಾನು ಫ್ರಾನ್ಸಿನ ಲಿಯೋನ್‌ನಲ್ಲಿದ್ದೇನೆ. ಇಲ್ಲಿ ಬೈಟ್‌ಗೆ ಓಕ್ತೆ ಅನ್ನುತ್ತಾರೆ, ಅಂದರೆ ಎಂಟರ ಗುಂಪು. ಫೈಲಿನ ಗಾತ್ರಕ್ಕೆ ಎಂ ಪಕ್ಕ ಓ ಬರೆಯುತ್ತಾರೆ, ಲೈನಿನ ವೇಗಕ್ಕೆ ಎಂ ಪಕ್ಕ ಬಿಟ್ ಅಂತ ಪೂರ್ತಿ ಬರೆಯುತ್ತಾರೆ. ಗೊಂದಲವೇ ಇಲ್ಲ. ಹೆಸರಿನಲ್ಲೇ ಎಂಟು ಇರೋದರಿಂದ ಎಷ್ಟರಿಂದ ಭಾಗಿಸಬೇಕು ಅಂತ ಕೇಳೋದೂ ಬೇಡ. ಬಂದ ಹೊಸತರಲ್ಲಿ ಡಿಸ್ಕಿನ ಡಬ್ಬದ ಮೇಲೆ ಓ ನೋಡಿ ಸೊನ್ನೆ ಅಂದುಕೊಂಡಿದ್ದೆ ಅನ್ನೋದು ಬೇರೆ ಮಾತು.

ಗಣೇಶ ಚೌತಿ ಡಿಜೆ

ನಡುವೆ ಬಾಯಿ ಹಾಕ್ತಿದೀನಿ, ಬೇಜಾರು ಮಾಡ್ಕೋಬೇಡಿ. ನನ್ನದು 100ರ ಪ್ಲಾನ್. ತಿಂಗಳಿಗೆ 3300 ಜಿಬಿ ಅಂತ ಮಿತಿ ಇದೆ. ಅದು ಎಷ್ಟು ಹೊತ್ತಿಗೆ ಮುಗಿಯುತ್ತದೆ? ಮುಗಿದ ಮೇಲೆ 4 ಎಂಬಿಪಿಎಸ್ ಮಾಡ್ತಾರಂತೆ.

ಲೆಕ್ಕದ ಮೇಷ್ಟ್ರು, ಮೈಸೂರು

100ನ್ನು ಮೂರು ಸಲ ಅರ್ಧ ಮಾಡಿ. 12.5 ಮೆಗಾಬೈಟ್. 33 ಲಕ್ಷ ಮೆಗಾಬೈಟನ್ನು 12.5ರಿಂದ ಭಾಗಿಸಿದರೆ 2,64,000 ಸೆಕೆಂಡು. ಮೂರು ದಿನ, ಒಂದು ಗಂಟೆ, ಇಪ್ಪತ್ತು ನಿಮಿಷ. ಅದೂ ಹಗಲೂ ರಾತ್ರಿ ಒಂದು ಕ್ಷಣ ಬಿಡದೆ ಎಳೆದರೆ. ಮನೆಮಂದಿ ಸಿನಿಮಾ ನೋಡಿ ಇದನ್ನು ಮುಗಿಸೋದು ಕಷ್ಟ. ಮುಗಿಸಿದರೆ ಮಾತ್ರ ತೊಂದರೆ. 4 ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಅರ್ಧ ಮೆಗಾಬೈಟ್. ನಮ್ಮ ಸಾಗರದವರ 118 ಜಿಬಿ ಆ ವೇಗದಲ್ಲಿ ಹೋಗೋಕೆ 70 ಗಂಟೆ ಬೇಕು. ಅಷ್ಟರಲ್ಲಿ ಬಸ್ಸು ಬೆಂಗಳೂರಿಗೆ ನಾಲ್ಕು ಸಲ ಹೋಗಿ ಬರುತ್ತದೆ.

ಬಸ್ಸು ಅಂದಕೂಡಲೇ ಇನ್ನೊಂದು ಲೆಕ್ಕ ಮಾಡಿದೆ, ಸುಮ್ನೆ ಮಜಕ್ಕೆ. ಬಿಸ್ಕತ್ತಿನ ಡಬ್ಬದಲ್ಲಿ 1 ಟಿಬಿ ಡಿಸ್ಕ್ ತುಂಬಿ ಕಳಿಸಿದರೆ, 8 ಗಂಟೆಯ ಪ್ರಯಾಣಕ್ಕೆ ಸೆಕೆಂಡಿಗೆ 278 ಮೆಗಾಬಿಟ್ ಬೀಳುತ್ತದೆ. ಅಂದರೆ ಆ ಡ್ರೈವರ್ ನಿಮ್ಮ ಹೊಸ ಪ್ಲಾನಿಗಿಂತ ಜೋರು. ಆದರೆ 118 ಜಿಬಿ ಮಾತ್ರ ಕಳಿಸಿದರೆ ಅದೇ ಬಸ್ಸು 35 ಎಂಬಿಪಿಎಸ್.

ಮದುವೆಮನೆ ಕ್ಯಾಮರಾ, ಸಾಗರ

ಮೇಷ್ಟ್ರೇ, ಡ್ರೈವರಿಗೆ ಇದನ್ನು ಹೇಳಿದರೆ ಈ ಸಲದಿಂದ ರೇಟು ಜಾಸ್ತಿ ಮಾಡುತ್ತಾನೆ.

ತಂತಿಗಾರ ಸರ್ ಹೇಳಿದ ಹಾಗೆ ಮಾಡಿದೆ. ಮೊಬೈಲಿನಲ್ಲಿ ಬಾಕ್ಸ್ ಪಕ್ಕ ನಿಂತು ನೋಡಿದರೆ 196. ಎರಡನೇ ಸಲ 193. ಕೆಳಗೆ ಬಂದು ಕಂಪ್ಯೂಟರಿನಲ್ಲಿ ಟೆಸ್ಟ್ ಮಾಡಿದರೆ 94. ಮೂರು ಸಲ ಮಾಡಿದೆ, ಮೂರು ಸಲವೂ 94! ಲಿಂಕ್ ಸ್ಪೀಡ್ ಸಾಲಿನಲ್ಲಿ 100, ಓರೆಗೆರೆ, 100 ಅಂತ ಇದೆ. ನೀವು ಹುಬ್ಬಳ್ಳಿಯಲ್ಲಿ ಕೂತು ನನ್ನ ಗೋಡೆಯೊಳಗೆ ಇಣುಕಿದ ಹಾಗಾಯಿತು.

ಕಂಪ್ಯೂಟರ್ ಎರಡು ವರ್ಷದ್ದು, ಸಾವಿರದ ಪೋರ್ಟ್ ಇದೆ ಅಂತ ಬಿಲ್ಲಿನಲ್ಲಿದೆ. ಹಾಗಾದರೆ ತಪ್ಪು ಬಾಕ್ಸಿನದಾ, ಕೇಬಲಿನದಾ?

ತಂತಿಗಾರ, ಹುಬ್ಬಳ್ಳಿ

ಮೊದಲು ಬಾಕ್ಸಿನ ಹಿಂದೆ ನೋಡ್ರಿ. ಕೆಲವು ಬಾಕ್ಸಿನಲ್ಲಿ ಒಂದೇ ಪೋರ್ಟ್ ಸಾವಿರದ್ದು ಇರುತ್ತದೆ, ಉಳಿದವು ನೂರರದ್ದು. ಸಾವಿರದ ಪೋರ್ಟಿನ ಪಕ್ಕ ಜಿ ಮತ್ತು ಇ ಅಕ್ಷರ ಇರುತ್ತದೆ, ನೂರರದಕ್ಕೆ ಎಫ್ ಮತ್ತು ಇ. ತಪ್ಪಿನಲ್ಲಿ ಚುಚ್ಚಿದ್ದರೆ ತೆಗೆದು ಸರಿಯಾದ್ದಕ್ಕೆ ಚುಚ್ಚಿದರೆ ಮುಗೀತು.

ಅದು ಸರಿ ಇದ್ದರೆ ಕೇಬಲ್. ಆ ಕೇಬಲಿನ ಒಳಗೆ ಎಂಟು ತಂತಿ, ನಾಲ್ಕು ಜೋಡಿ. ಕಿತ್ತಳೆ, ಹಸಿರು, ನೀಲಿ, ಕಂದು. 100 ಎಂಬಿಪಿಎಸ್‌ಗೆ ಕಿತ್ತಳೆ ಮತ್ತು ಹಸಿರು ಸಾಕು. ಸಾವಿರಕ್ಕೆ ನಾಲ್ಕೂ ಜೋಡಿ ಬೇಕೇ ಬೇಕು. ನೀಲಿಯಲ್ಲೋ ಕಂದಿನಲ್ಲೋ ಒಂದು ತಂತಿ ತಪ್ಪಿದರೂ ಹೆಚ್ಚಿನ ನೆಟ್‌ವರ್ಕ್ ಕಾರ್ಡುಗಳು ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮಾಡುತ್ತವೆ. ಒಂದು ದೂರೂ ಹೇಳೋದಿಲ್ಲ. ನಿಮಗೆ 50ರ ಪ್ಲಾನ್ ಇದ್ದಾಗ ಇದು ಗೊತ್ತಾಗಲು ಸಾಧ್ಯವೇ ಇರಲಿಲ್ಲ. 50ರ ನೀರು ನೂರರ ಪೈಪಿನಲ್ಲಿ ಆರಾಮಾಗಿ ಹೋಗ್ತಿತ್ತು.

ಕೇಬಲಿನ ತುದಿಯ ಜ್ಯಾಕ್ ಪಾರದರ್ಶಕ ಪ್ಲಾಸ್ಟಿಕ್. ಬೆಳಕಿಗೆ ಹಿಡಿದು ಬಣ್ಣ ಎಣಿಸಿ. ಎಂಟು ಇರಬೇಕು. ಎರಡೂ ತುದಿಯಲ್ಲಿ ಎಣಿಸಿ.

ಮದುವೆಮನೆ ಕ್ಯಾಮರಾ, ಸಾಗರ

ಎಣಿಸಿದೆ. ನಾಲ್ಕು.

ಮೇಲೆ ನಾಲ್ಕು, ಕೆಳಗೂ ನಾಲ್ಕು. ಕಿತ್ತಳೆ, ಬಿಳಿ ಕಿತ್ತಳೆ, ಹಸಿರು, ಬಿಳಿ ಹಸಿರು. ನೀಲಿ ಇಲ್ಲ, ಕಂದು ಇಲ್ಲ. ಯಾವನೋ ಅರ್ಧಂಬರ್ಧ ಕೆಲಸ ಮಾಡಿ ಹೋಗಿದ್ದಾನೆ. ಆಪರೇಟರ್ ಹುಡುಗನಿಗೆ ಬರಲು ಹೇಳಿದ್ದೇನೆ. ಈ ಸಲ ಬಿಡಲ್ಲ.

ತಂತಿಗಾರ, ಹುಬ್ಬಳ್ಳಿ

ಜಗಳ ಆಡೋಕೆ ಮುಂಚೆ ಆ ಉಳಿದ ನಾಲ್ಕು ತಂತಿ ಎಲ್ಲಿಗೆ ಹೋಗಿವೆ ನೋಡ್ರಿ. ಕತ್ತರಿಸಿ ಬಿಟ್ಟಿದ್ದರೆ ಬೇರೆ. ಎಲ್ಲಿಗಾದರೂ ಹೋಗಿದ್ದರೆ ಅದು ಬೇರೆಯೇ ಕಥೆ.

ಮದುವೆಮನೆ ಕ್ಯಾಮರಾ, ಸಾಗರ

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಬರೆಯದೆ ಸುಮ್ನಿದ್ದುಬಿಡೋಣ ಅಂತಲೂ ಅನ್ನಿಸಿತ್ತು.

ಹುಡುಗ ಬಂದ. ಬಾಕ್ಸಿನ ಪೋರ್ಟ್ ನೋಡಿದ, ಸರಿಯಾದ ಪೋರ್ಟಿಗೇ ಇತ್ತು. ಜ್ಯಾಕ್ ನೋಡಿದ. ಆಮೇಲೆ ಕೇಬಲಿನ ಹೊರಸಿಪ್ಪೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದ. ಒಳಗಿಂದ ನೀಲಿ, ಕಂದು ಜೋಡಿ ಬೇರೆಯಾಗಿ ಹೊರಗೆ ಬಂದು, ಕಪ್ಪು ಟೇಪ್ ಸುತ್ತಿಸಿಕೊಂಡು, ಇನ್ನೊಂದು ಜ್ಯಾಕಿಗೆ ಹೋಗಿದ್ದವು. ಆ ಜ್ಯಾಕು ಸಿಸಿಟಿವಿ ರೆಕಾರ್ಡರಿಗೆ. ಕೆಳಗಿನ ತುದಿಯಲ್ಲಿ ಅವೇ ನಾಲ್ಕು ತಂತಿ ಸ್ಟುಡಿಯೋ ಬಾಗಿಲ ಮೇಲಿನ ಕ್ಯಾಮರಾಕ್ಕೆ ಹೋಗಿದ್ದವು.

"ಇದನ್ನ ಯಾರು ಮಾಡಿದ್ದು ಸಾರ್?" ಅಂತ ಕೇಳಿದ.

"ಯಾರೋ" ಅಂದೆ.

ಅಡಿಗೆಮನೆಯಿಂದ ನನ್ನ ಹೆಂಡತಿ, "ಯಾರೋ ಅಲ್ಲ, ನೀವೇ ಅಲ್ವಾ? ಇನ್ನೊಂದು ಕೇಬಲ್ ಎಳೆದರೆ ಸುಮ್ನೆ ದುಡ್ಡು ದಂಡ, ಇದರಲ್ಲೇ ಮುಗಿಸು ಅಂತ ಆ ಕ್ಯಾಮರಾದವನಿಗೆ ಹೇಳಿದ್ದು" ಅಂದಳು.

ಆಗ ನೆನಪಾಯಿತು. ಮೂರು ವರ್ಷದ ಹಿಂದೆ ಕ್ಯಾಮರಾ ಹಾಕಿಸಿದಾಗ ಗೋಡೆಯ ಪೈಪಿನಲ್ಲಿ ಇನ್ನೊಂದು ಕೇಬಲ್ ನುಸುಳಲಿಲ್ಲ. ಪೈಪ್ ಬದಲಾಯಿಸಬೇಕು ಅಂದ. ನಾನು ಬೇಡ ಅಂದೆ. "ಹಾಗಾದರೆ ಇದರಲ್ಲೇ ನಾಲ್ಕು ತಂತಿ ಖಾಲಿ ಇವೆ ಸಾರ್, ಅದನ್ನೇ ಬಳಸಲಾ?" ಅಂತ ಕೇಳಿದ. ನಾನು ಅವನನ್ನು ಜಾಣ ಅಂತ ಹೊಗಳಿ ಟೀ ಕೊಟ್ಟು ಕಳಿಸಿದ್ದೆ. ಅವತ್ತಿಗೆ ಅವು ನಿಜಕ್ಕೂ ಖಾಲಿಯೇ ಇದ್ದವಲ್ಲ.

ಆಪರೇಟರ್ ಹುಡುಗ ನಗಲಿಲ್ಲ, ಅದೇ ದೊಡ್ಡದು. ಫೋನಿನಲ್ಲಿ ಜೋರು ಮಾಡಿದ್ದಕ್ಕೆ ತಪ್ಪಾಯಿತು ಮಾರಾಯ ಅಂದೆ. ಅವನ ಲೈನ್ ನಿಜವಾಗಿಯೂ ಸರಿ ಇತ್ತು. ಆದರೂ ಒಂದು ಮಾತು ಅವನಿಗೆ ಹೇಳಿದೆ. 8ರಿಂದ ಭಾಗಿಸಿ ಅಂದವನು ಅಲ್ಲಿಗೇ ಫೋನ್ ಇಡಬಾರದಿತ್ತು, ಭಾಗಿಸಿದ ಮೇಲೆ 25 ಬಂತಾ ಅಂತ ಒಂದು ಸಲ ಕೇಳಬೇಕಿತ್ತು. ಕೇಳಿದ್ದರೆ ಅವತ್ತೇ ಸಿಕ್ಕಿಬೀಳುತ್ತಿದ್ದೆ. ಹೌದು ಸಾರ್ ಅಂದ.

ಕ್ಯಾಮರಾಕ್ಕೆ ಬೇರೆ ಕೇಬಲ್ ಎಳೆಸಿದೆ, ಹೊಸ ಪೈಪ್ ಸಮೇತ. ಹಳೇ ಕೇಬಲಿಗೆ ಎಂಟೂ ತಂತಿ ಸೇರಿಸಿ ಎರಡೂ ಕಡೆ ಹೊಸ ಜ್ಯಾಕ್ ಹಾಕಿದ. ಈಗ ಲಿಂಕ್ ಸ್ಪೀಡ್ 1000. ಸ್ಪೀಡ್ ಟೆಸ್ಟಿನಲ್ಲಿ 192. ಫೈಲ್ ಕಳಿಸುವಾಗ 22.4, ಚಿಕ್ಕ ಐ ಸಮೇತ. ಮೇಷ್ಟ್ರೇ, ಇದೂ 25 ಅಲ್ಲವಲ್ಲ ಅಂತ ಒಂದು ಕ್ಷಣ ಮತ್ತೆ ಎದೆ ಧಸಕ್ಕೆಂದಿತು. ಆಮೇಲೆ ಕೂತು ಲೆಕ್ಕ ಮಾಡಿದೆ.

ತಂತಿಗಾರ, ಹುಬ್ಬಳ್ಳಿ

ಸರಿಯೇ ಇದೆ. ಕವರಿನ ಖರ್ಚು ಕಳೆದರೆ 200ರಲ್ಲಿ 188 ಉಳೀತು. 8ರಿಂದ ಭಾಗಿಸಿದರೆ 23.5. ಅದನ್ನು 1024ರ ಲೆಕ್ಕಕ್ಕೆ ಇಳಿಸಿದರೆ 22.4. ಇಷ್ಟೆಲ್ಲ ಪ್ರತಿ ಸಲ ಯಾರು ಮಾಡ್ತಾರ್ರೀ. ನಾವು ಗಿರಾಕಿ ಮುಂದೆ 9ರಿಂದ ಭಾಗಿಸ್ತೀವಿ. 100ಕ್ಕೆ 11, 200ಕ್ಕೆ 22, ಸಾವಿರಕ್ಕೆ 111. ಸ್ಕ್ರೀನಿನಲ್ಲಿ ಅದರ ಹತ್ತಿರ ಬಂದರೆ ಬ್ಯಾಗ್ ಎತ್ತಿಕೊಂಡು ಮನೆಗೆ. ಬಾರದಿದ್ದರೆ ಜ್ಯಾಕ್ ಎಣಿಸೋದು.

ಲೆಕ್ಕದ ಮೇಷ್ಟ್ರು, ಮೈಸೂರು

ಒಂಬತ್ತು! ನಾನು ಮೂವತ್ತು ವರ್ಷ ಎಂಟು ಅಂತ ಹೇಳಿಕೊಟ್ಟೆ. ಪರೀಕ್ಷೆಯಲ್ಲಿ ಈಗಲೂ ಎಂಟನ್ನೇ ಬರೀರಿ ಮಕ್ಕಳೇ.

ಮದುವೆಮನೆ ಕ್ಯಾಮರಾ, ಸಾಗರ

ಕೊನೆಯದಾಗಿ. ನಿನ್ನೆ ಒಂದು ಉಪನಯನದ ವಿಡಿಯೋ ಇತ್ತು, 74 ಜಿಬಿ. ಕಳಿಸೋಕೆ ಮುಂಚೆ ಕಾಗದದ ಮೇಲೆ ಬರೆದು ನೋಡಿದೆ. 74ನ್ನು 1024ರಿಂದ ಗುಣಿಸಿ, 22.4ರಿಂದ ಭಾಗಿಸಿದರೆ 3383 ಸೆಕೆಂಡು, ಅಂದರೆ 56 ನಿಮಿಷ. ಎಡಿಟರಿಗೆ ಫೋನ್ ಮಾಡಿದೆ. "ಟೀ ಕುಡಿಯಲಾ?" ಅಂತ ಅವನೇ ಕೇಳಿದ, ವ್ಯಂಗ್ಯ. ಇಲ್ಲ, ಈ ಸಲ ಊಟಕ್ಕೆ ಹೋಗು ಅಂದೆ. ಅವನು ಕೈ ತೊಳೆದು ಬಂದು ಕೂತಾಗ 6 ಜಿಬಿ ಬಾಕಿ ಇತ್ತಂತೆ.